‘ಸ್ವಲ್ಪ ನೋಡ್ಕೊಳ್ಳಿ’ ಅಂದರೆ ಏನು ನೋಡಬೇಕು? ರಾತ್ರಿ ಪಾಳಿಯ ಒಬ್ಬ ನರ್ಸ್‌ಗೆ ಉತ್ತರ

ಪ್ರಶ್ನೆ: ನಾನು ಚಿಕ್ಕಮಗಳೂರು ಜಿಲ್ಲೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸ್. ಜಿ.ಎನ್.ಎಂ. (ನರ್ಸಿಂಗ್ ಡಿಪ್ಲೊಮಾ) ಮುಗಿಸಿ ಆರು ವರ್ಷ ಆಯಿತು. ಮೂರು ತಿಂಗಳ ಹಿಂದೆ ನನ್ನನ್ನು ರಾತ್ರಿ ಪಾಳಿಗೆ ಇನ್‌ಚಾರ್ಜ್ ಮಾಡಿದರು. ವಾರ್ಡಿನಲ್ಲಿ 24 ಬೆಡ್. ನಾನು, ಈ ವರ್ಷವಷ್ಟೇ ಪಾಸಾಗಿ ಬಂದ ಒಬ್ಬ ಹುಡುಗಿ, ಒಬ್ಬರು ಆಯಾ, ಒಬ್ಬ ವಾರ್ಡ್ ಬಾಯ್. ಹೋದ ತಿಂಗಳು ಜ್ವರ ಅಂತ ಸೇರಿದ್ದ ಕಾಫಿ ತೋಟದ ಕೆಲಸಗಾರರೊಬ್ಬರ ಬಿ.ಪಿ. ನೋಡಿ ಅಂತ ಆಯಾಗೆ ಹೇಳಿ, ನಾನು ಹೊಸ ಅಡ್ಮಿಷನ್ ನೋಡಲು ಹೋದೆ. ಆಗ ರಾತ್ರಿ 11 ಗಂಟೆ. ‘ಮಿಷನ್‌ನಲ್ಲಿ 98 ಬಂತು, ಮಲಗಿದ್ದಾರೆ ಸಿಸ್ಟರ್’ ಅಂದರು. ಸರಿ ಅಂದೆ. 3 ಗಂಟೆಗೆ ಹೋಗಿ ನೋಡಿದರೆ ಏದುಸಿರು, ಕೈಕಾಲು ತಣ್ಣಗೆ, ಕರೆದರೆ ಸರಿಯಾಗಿ ಮಾತಿಲ್ಲ. ಹಾಸನಕ್ಕೆ ಕಳಿಸಿದೆವು. ಎಂಟು ದಿನ ಐ.ಸಿ.ಯು.ನಲ್ಲಿದ್ದು ಬದುಕಿದರು. ಅವತ್ತಿನಿಂದ ನಾನು ಯಾರಿಗೂ ಯಾವ ಕೆಲಸವನ್ನೂ ಕೊಡುತ್ತಿಲ್ಲ. ಎಲ್ಲ ನಾನೇ ಮಾಡುತ್ತೇನೆ. ಆ ಆಯಮ್ಮನ ಹತ್ತಿರ ಮಾತೂ ಆಡಿಲ್ಲ. ತಪ್ಪು ಯಾರದ್ದು ಮೇಡಂ? ಯಾವ ಕೆಲಸ ಯಾರಿಗೆ ಕೊಡಬೇಕು? ಡಾಕ್ಟರನ್ನು ರಾತ್ರಿ ಎಬ್ಬಿಸೋಕೂ ಭಯ ಆಗುತ್ತದೆ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೇ ಸಲ ಓದುವಾಗ ಒಂದು ಮಾತು ಕಣ್ಣಿಗೆ ಬಿತ್ತು. 3 ಗಂಟೆಗೆ ಹೋಗಿ ನೋಡಿದೆ ಅಂತ ಬರೆದಿದ್ದೀರಿ. ಯಾರೂ ಕರೆದಿರಲಿಲ್ಲ, ನೀವಾಗಿಯೇ ಹೋದಿರಿ. ಆ ಮನುಷ್ಯ ಬದುಕಿದ್ದು ಅದಕ್ಕೇ. ನಾನು ಮುಂದೆ ಹೇಳುವುದರಲ್ಲಿ ಕೆಲವು ಮಾತು ನಿಮಗೆ ನೋವಾಗಬಹುದು, ಹಾಗಾಗಿ ಇದನ್ನು ಮೊದಲೇ ಹೇಳಿಬಿಟ್ಟೆ.

ತಪ್ಪು ಯಾರದ್ದು ಅಂತ ಕೇಳಿದ್ದೀರಿ. ನಮ್ಮ ಕೆಲಸದಲ್ಲಿ ಇದಕ್ಕೆ ಒಂದು ನೇರ ಲೆಕ್ಕ ಇದೆ. ಕೆಲಸವನ್ನು ಇವರಿಗೆ ಕೊಡಬಹುದು ಅಂತ ತೀರ್ಮಾನ ಮಾಡಿದ್ದಕ್ಕೆ ಕೊಟ್ಟವರು ಹೊಣೆ. ಹೇಳಿದಂತೆ ಮಾಡಿದರಾ ಇಲ್ಲವಾ ಅನ್ನುವುದಕ್ಕೆ ಮಾಡಿದವರು ಹೊಣೆ. ನಿಮ್ಮ ಆಯಮ್ಮ ಹೇಳಿದ್ದನ್ನು ಮಾಡಿದ್ದಾರೆ. ಪಟ್ಟಿ ಕಟ್ಟಿದರು, ಬಟನ್ ಒತ್ತಿದರು, ಬಂದ ಅಂಕಿಯನ್ನು ಹಾಗೇ ತಂದು ಹೇಳಿದರು. ಸಂಜೆ ಆ ರೋಗಿಗೆ ಎಷ್ಟಿತ್ತು, 98 ಅಂದರೆ ಹೆದರಬೇಕಾ ಬೇಡವಾ ಅನ್ನುವುದನ್ನು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಆ ಅಂಕಿಯನ್ನು ಓದಬೇಕಾದವರು ನೀವು. ‘ಸರಿ’ ಅಂದುಬಿಟ್ಟಿರಿ. ಎಡವಿದ್ದು ಅಲ್ಲಿ. 24 ಬೆಡ್‌ಗೆ ಇಬ್ಬರೇ ನರ್ಸ್‌ಗಳನ್ನು ಹಾಕಿದ ಆಡಳಿತದ ಪಾಲೂ ಇದರಲ್ಲಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ಆದರೆ ಇದನ್ನು ಹೇಳಿ ನಿಮ್ಮನ್ನು ಮೂಲೆಗೆ ಕೂರಿಸುವ ಯೋಚನೆ ನನಗಿಲ್ಲ, ಯಾಕಂದರೆ ನಾನೂ ಅಲ್ಲೇ ಎಡವಿದವಳು. ಹೆರಿಗೆ ವಾರ್ಡ್‌ನಲ್ಲಿದ್ದ ದಿನಗಳು. ಒಂದು ರಾತ್ರಿ ಒಂದು ಹೆರಿಗೆ ಮುಗಿಯುವಷ್ಟರಲ್ಲಿ ಇನ್ನೊಂದು ಶುರುವಾಯಿತು. ಟ್ರೇನಿಂಗಿಗೆ ಬಂದಿದ್ದ ಹುಡುಗಿಗೆ ‘ಆ ಬಾಣಂತಿನ ಸ್ವಲ್ಪ ನೋಡ್ಕೊಳ್ಳಮ್ಮ’ ಅಂತ ಹೇಳಿ ಓಡಿದೆ. ಮುಕ್ಕಾಲು ಗಂಟೆ ಬಿಟ್ಟು ಬಂದರೆ ಹುಡುಗಿ ಸ್ಟೂಲ್ ಮೇಲೆ ಅಲ್ಲಾಡದೆ ಕೂತಿದ್ದಳು, ಮಗುವನ್ನೂ ಬೆಚ್ಚಗೆ ಸುತ್ತಿಟ್ಟಿದ್ದಳು. ‘ಏನೂ ತೊಂದರೆ ಇಲ್ಲ ಸಿಸ್ಟರ್, ನಿದ್ದೆ ಮಾಡ್ತಿದ್ದಾರೆ’ ಅಂದಳು. ಬಾಣಂತಿಯ ತುಟಿ ನೋಡಿದೆ, ಬಿಳಚಿಕೊಂಡಿತ್ತು. ಕಂಬಳಿ ಸರಿಸಿದೆ. ಮೇಲಿನಿಂದ ನೋಡಿದರೆ ಪ್ಯಾಡ್ ಅಷ್ಟೇನೂ ನೆನೆದಿರಲಿಲ್ಲ. ಸೊಂಟದ ಕೆಳಗೆ ಕೈ ಹಾಕಿದರೆ ಮಣಿಕಟ್ಟಿನವರೆಗೆ ರಕ್ತ. ಎಲ್ಲ ಹಿಂದಕ್ಕೆ ಹರಿದು ರಬ್ಬರ್ ಶೀಟಿನ ಮೇಲೆ ನಿಂತಿತ್ತು. ಹೊಟ್ಟೆ ಮುಟ್ಟಿದೆ. ಹೆರಿಗೆಯಾದ ಮೇಲೆ ಗರ್ಭಕೋಶ ಚೆಂಡಿನ ಹಾಗೆ ಗಟ್ಟಿಯಾಗಿ ಕೈಗೆ ಸಿಗಬೇಕು. ಅದು ನಾದಿದ ಹಿಟ್ಟಿನ ಹಾಗೆ ಮೆತ್ತಗಿತ್ತು. ಉಜ್ಜುತ್ತಲೇ ಡಾಕ್ಟರನ್ನು ಕೂಗಿದೆ. ಇಂಜೆಕ್ಷನ್, ಡ್ರಿಪ್, ರಕ್ತ, ಎಲ್ಲ ಆಯಿತು. ತಾಯಿ ಉಳಿದರು. ಆ ಹುಡುಗಿ ಬೆಳಗಿನವರೆಗೆ ಅತ್ತಳು.

ಅವಳು ಅಳಬೇಕಾಗಿರಲಿಲ್ಲ. ನಾನು ‘ನೋಡ್ಕೊ’ ಅಂದೆ, ಅವಳು ನೋಡಿಕೊಂಡಳು. ಏನು ನೋಡಬೇಕು ಅಂತ ನಾನು ಹೇಳಿರಲಿಲ್ಲ.

ಅದಾದ ಮೇಲೆ ನನ್ನ ಮಾತೇ ಬದಲಾಯಿತು. ಅದೇ ಕೆಲಸ ಕೊಡಬೇಕಾದರೆ ಹೀಗೆ ಹೇಳುತ್ತಿದ್ದೆ: ‘15 ನಿಮಿಷಕ್ಕೊಂದು ಸಲ ಹೊಟ್ಟೆ ಮುಟ್ಟು, ಗಟ್ಟಿ ಇರಬೇಕು. ಸೊಂಟದ ಕೆಳಗೆ ಕೈ ಹಾಕು, ಕೈ ಒದ್ದೆ ಆದರೆ ಕೂಗು. ನಾಡಿ 100 ದಾಟಿದರೆ ಕೂಗು. ತಲೆ ಸುತ್ತುತ್ತೆ ಅಂದರೆ ಕೂಗು. ಅರ್ಧ ಗಂಟೆಗೆ ನಾನೇ ಬಂದು ಮುಟ್ಟಿ ನೋಡ್ತೀನಿ. ಈಗ ನಾನು ಏನು ಹೇಳಿದೆ, ಒಂದು ಸಲ ಹೇಳು.’ ಇಷ್ಟು ಹೇಳಲು ಅರ್ಧ ನಿಮಿಷ ಸಾಕು. ಏನು ಮಾಡಬೇಕು, ಎಷ್ಟು ಹೊತ್ತಿಗೊಮ್ಮೆ, ಯಾವ ಅಂಕಿಗೆ ನನ್ನನ್ನು ಕರೆಯಬೇಕು, ನಾನು ಯಾವಾಗ ಬರುತ್ತೇನೆ, ಎಲ್ಲವೂ ಅದರಲ್ಲಿದೆ. ನಿಮಗೆ ನಾನು ಹೇಳಬೇಕಾಗಿರುವುದು ಮುಖ್ಯವಾಗಿ ಇದೊಂದೇ. ‘ಕರೆಯಬೇಕಾದ ಅಂಕಿ’ ಹೇಳದೆ ಯಾವ ಕೆಲಸವನ್ನೂ ಕೈಬಿಡಬೇಡಿ.

ಈಗ ನಿಮ್ಮ ರೋಗಿಯ ವಿಷಯಕ್ಕೇ ಬರೋಣ. ಬ್ರಿಟನ್‌ನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ಒಂದು ಅಂಕದ ಪಟ್ಟಿ ತಂದಿತು, 2017ರಲ್ಲಿ ತಿದ್ದಿತು. ‘ನ್ಯೂಸ್’ ಅಂತ ಕರೆಯುತ್ತಾರೆ. ಉಸಿರು, ಸ್ಯಾಚುರೇಶನ್ (ರಕ್ತದಲ್ಲಿರುವ ಆಕ್ಸಿಜನ್ ಮಟ್ಟ), ಬಿ.ಪಿ., ನಾಡಿ, ಎಚ್ಚರ, ಜ್ವರ ಇವಕ್ಕೆಲ್ಲ 0ಯಿಂದ 3ರವರೆಗೆ ಅಂಕ. ಆಕ್ಸಿಜನ್ ಹಾಕಿದ್ದರೆ ಇನ್ನೂ 2. ಒಟ್ಟು 5 ಆದರೆ ಡಾಕ್ಟರ್ ಬೇಗ ಬಂದು ನೋಡಬೇಕು. 7 ಆದರೆ ಎಮರ್ಜೆನ್ಸಿ. ಈ ಪಟ್ಟಿಯಲ್ಲಿ ಮೇಲಿನ ಬಿ.ಪಿ. 98ಕ್ಕೆ ಸಿಗುವುದು 2 ಅಂಕ ಮಾತ್ರ. ಅಷ್ಟೇ ನೋಡಿದರೆ ಅಂಥ ಗಾಬರಿ ಏನಿಲ್ಲ ಅನ್ನಿಸುತ್ತದೆ. ನಾಡಿ, ಉಸಿರು ಎಷ್ಟಿತ್ತು ಅಂತ ನೀವು ಬರೆದಿಲ್ಲ, ಬಹುಶಃ ಯಾರೂ ಎಣಿಸಿರಲಿಲ್ಲ. ನಾಡಿ 118, ಉಸಿರು 26 ಇತ್ತು ಅಂತ ಲೆಕ್ಕಕ್ಕೆ ಇಟ್ಟುಕೊಳ್ಳಿ. ನಾಡಿಗೆ 2, ಉಸಿರಿಗೆ 3, ಬಿ.ಪಿ.ಗೆ 2. ಅಲ್ಲಿಗೆ 7 ಆಯಿತು. ಅಂದರೆ 11 ಗಂಟೆಗೇ ಗಂಟೆ ಬಾರಿಸಬಹುದಿತ್ತು. ಒಂದೇ ಅಂಕಿ ಕೇಳಿದ್ದಕ್ಕೆ ಒಂದೇ ಅಂಕಿ ಬಂತು.

ಅದರಲ್ಲೂ ಉಸಿರನ್ನು ನಾವು ತುಂಬ ಕಡೆಗಣಿಸುತ್ತೇವೆ. ನಿಮ್ಮ ವಾರ್ಡಿನ ಯಾವ ಕೇಸ್ ಶೀಟ್ ಬೇಕಾದರೂ ತಿರುವಿ ನೋಡಿ. ಉಸಿರಿನ ಕಾಲಂನಲ್ಲಿ 20, 20, 20 ಅಂತ ಮೇಲಿಂದ ಕೆಳಗೆ ಇರುತ್ತದೆ. ಅಷ್ಟು ಜನ ಒಂದೇ ಲೆಕ್ಕದಲ್ಲಿ ಉಸಿರಾಡಲು ಸಾಧ್ಯ ಇಲ್ಲ, ಅಲ್ವಾ? ಮೈ ಕೆಡುತ್ತಿರುವವರಲ್ಲಿ ಎಷ್ಟೋ ಸಲ ಮೊದಲು ಬದಲಾಗುವುದು ಉಸಿರು, ಬಿ.ಪಿ. ಕುಸಿಯುವುದು ಕಡೆಗೆ. ಮಣಿಕಟ್ಟು ಹಿಡಿದು ನಾಡಿ ನೋಡುವವರ ಹಾಗೆ ನಿಂತು, ರೋಗಿಗೆ ಗೊತ್ತಾಗದ ಹಾಗೆ ಎದೆ ನೋಡುತ್ತ ಪೂರ್ತಿ ಒಂದು ನಿಮಿಷ ಎಣಿಸಬೇಕು. ಇದಕ್ಕೆ ಗಡಿಯಾರ ಬಿಟ್ಟರೆ ಬೇರೇನೂ ಬೇಡ. ಹೇಳಿಕೊಟ್ಟರೆ ಆಯಾ ಕೂಡ ಚೆನ್ನಾಗಿ ಎಣಿಸುತ್ತಾರೆ.

ಯಾವ ಕೆಲಸ ಯಾರಿಗೆ ಅನ್ನುವುದಕ್ಕೆ ಒಂದು ಪಟ್ಟಿ ಕೊಡಿ ಅಂತ ಎಲ್ಲರೂ ಕೇಳುತ್ತಾರೆ. ಸರಿಯಾದ ಕೆಲಸ, ಸರಿಯಾದ ಸಂದರ್ಭ, ಸರಿಯಾದ ವ್ಯಕ್ತಿ, ಸರಿಯಾದ ಸೂಚನೆ, ಸರಿಯಾದ ಮೇಲ್ವಿಚಾರಣೆ ಅಂತ ಐದು ‘ಸರಿ’ಗಳನ್ನು ನೀವೂ ಓದಿರುತ್ತೀರಿ. 1990ರ ದಶಕದಲ್ಲಿ ಅಮೆರಿಕದ ನರ್ಸಿಂಗ್ ಮಂಡಳಿಗಳ ಒಕ್ಕೂಟ ಮಾಡಿದ್ದು, ಈಗ ಎಲ್ಲ ಕಡೆ ಪಾಠದಲ್ಲಿದೆ. ಒಳ್ಳೆಯದೇ. ಆದರೆ ನಾನು ಕಂಡ ಹಾಗೆ ಜನ ಕೆಲಸವನ್ನು ತೂಗುತ್ತಾರೆ, ರೋಗಿಯನ್ನು ತೂಗುವುದಿಲ್ಲ. ಇದು ಸುಲಭದ ಕೆಲಸ, ಆಯಾ ಮಾಡಲಿ. ಇದು ಕಷ್ಟ, ನಾನು ಮಾಡುತ್ತೇನೆ. ಹೀಗೆ.

ಬೆಳಗಿನ ಕಾಫಿಯನ್ನೇ ತೆಗೆದುಕೊಳ್ಳಿ. ನಮ್ಮ ಕಡೆ ಯಾರಿಗಾದರೂ ಒಂದು ಲೋಟ ಕಾಫಿ ಕೊಡುವುದಕ್ಕಿಂತ ಸುಲಭದ ಕೆಲಸ ಇದೆಯಾ? ಆದರೆ ಹಿಂದಿನ ದಿನ ಲಕ್ವ ಹೊಡೆದು ಸೇರಿದವರಿಗೆ, ಬಾಯಿ ಒಂದು ಕಡೆ ಸೊಟ್ಟಗಿರುವವರಿಗೆ, ನುಂಗಲು ಆಗುತ್ತದಾ ಅಂತ ಇನ್ನೂ ಪರೀಕ್ಷೆ ಮಾಡದವರಿಗೆ ಅದೇ ಕಾಫಿ ಶ್ವಾಸಕೋಶಕ್ಕೆ ಇಳಿಯಬಹುದು. ಆಮೇಲೆ ನ್ಯುಮೋನಿಯಾ. ಅವತ್ತು ಆ ಬೆಡ್‌ನ ಮಟ್ಟಿಗೆ ಕಾಫಿ ಕೊಡಬಹುದಾ ಬೇಡವಾ ಅಂತ ನೋಡುವುದು ನರ್ಸ್ ಕೆಲಸ, ಬೇರೆಯವರದ್ದಲ್ಲ. ಆಯಾಗೂ ಮನೆಯವರಿಗೂ ಕಾಣುವ ಹಾಗೆ ತಲೆಯ ಹತ್ತಿರ ‘ಬಾಯಿಗೆ ಏನೂ ಕೊಡಬೇಡಿ’ ಅಂತ ಕನ್ನಡದಲ್ಲಿ ದಪ್ಪಗೆ ಬರೆದು ಹಾಕಿ. ರಕ್ತ ಏರಿಸುವಾಗಲೂ ಹೀಗೇ. ಮೊದಲ 15 ನಿಮಿಷ ನೀವೇ ಪಕ್ಕದಲ್ಲಿರಬೇಕು, ರಿಯಾಕ್ಷನ್ ಕಾಣಿಸಿಕೊಳ್ಳುವುದು ಆಗಲೇ ಜಾಸ್ತಿ. ಅದು ಸುಸೂತ್ರ ಆದ ಮೇಲೆ ಹೊಸ ಹುಡುಗಿಗೆ, ಯಾವಾಗ ಕರೆಯಬೇಕು ಅಂತ ಹೇಳಿ, ಕೊಡಬಹುದು. ಆಪರೇಷನ್ ಆದವರನ್ನು ಬಾತ್‌ರೂಮಿಗೆ ಕರೆದುಕೊಂಡು ಹೋಗುವುದು ವಾರ್ಡ್ ಬಾಯ್ ಕೆಲಸವೇ. ಆದರೆ ಮೊದಲ ಸಲ ಎದ್ದು ನಿಲ್ಲುವಾಗ ನೀವು ಅಲ್ಲಿರಿ.

ಕೆಲವನ್ನು ಮಾತ್ರ ಎಷ್ಟೇ ಕೆಲಸ ಇದ್ದರೂ ಬಿಟ್ಟುಕೊಡಬೇಡಿ. ಹೊಸದಾಗಿ ಸೇರಿದವರನ್ನು ಮೊದಲ ಸಲ ನೋಡುವುದು. ಇದ್ದಕ್ಕಿದ್ದ ಹಾಗೆ ಬದಲಾದವರನ್ನು ನೋಡುವುದು. ನರಕ್ಕೆ ಕೊಡುವ ಔಷಧಿ ಎಲ್ಲವೂ. ಪೊಟ್ಯಾಸಿಯಂ ಕ್ಲೋರೈಡ್ ಆಂಪೂಲ್‌ಗಳನ್ನಂತೂ ಡಿಸ್ಟಿಲ್ಡ್ ವಾಟರ್ ಇರುವ ಟ್ರೇಯಲ್ಲಿ ಇಡಲೇಬೇಡಿ. ನೋಡಲು ಎರಡೂ ಒಂದೇ ಥರ, ಪೊಟ್ಯಾಸಿಯಂ ಅನ್ನು ಡ್ರಿಪ್‌ಗೆ ಬೆರೆಸದೆ ನೇರ ಕೊಟ್ಟರೆ ಹೃದಯ ನಿಲ್ಲುತ್ತದೆ.

ಇನ್ಸುಲಿನ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಗ್ಲೂಕೋಮೀಟರ್‌ನಲ್ಲಿ ಶುಗರ್ ನೋಡುವುದನ್ನು ಕಲಿಸಿಕೊಟ್ಟವರಿಗೆ ಕೊಡಬಹುದು, 70ಕ್ಕಿಂತ ಕಡಿಮೆ ಅಥವಾ 300ಕ್ಕಿಂತ ಜಾಸ್ತಿ ಬಂದರೆ ತಕ್ಷಣ ಕರೆಯಿರಿ ಅಂತ ಹೇಳಿ. ಡೋಸ್ ಎಳೆಯುವುದು ಮಾತ್ರ ನೀವು, ಪಕ್ಕದಲ್ಲಿ ಇನ್ನೊಬ್ಬ ನರ್ಸ್ ನೋಡಬೇಕು. ನಮ್ಮ ದೇಶದಲ್ಲಿ 40ರ ಬಾಟಲಿ, 100ರ ಬಾಟಲಿ (ಒಂದು ಎಂ.ಎಲ್.ಗೆ ಅಷ್ಟು ಯೂನಿಟ್) ಎರಡೂ ಬರುತ್ತವೆ. ಸಿರಿಂಜೂ ಬೇರೆ ಬೇರೆ. ಕೆಂಪು ಮುಚ್ಚಳದ್ದು 40ಕ್ಕೆ, ಕಿತ್ತಳೆ ಮುಚ್ಚಳದ್ದು 100ಕ್ಕೆ. 100ರ ಬಾಟಲಿಯಿಂದ 40ರ ಸಿರಿಂಜಿನಲ್ಲಿ 10ರ ಗೆರೆಯವರೆಗೆ ಎಳೆದರೆ ಮೈಗೆ ಹೋಗುವುದು 25 ಯೂನಿಟ್. ಶುಗರ್ ಕುಸಿದು, ಮಲಗಿದ ರೋಗಿ ನಿದ್ದೆಯಲ್ಲೇ ಪ್ರಜ್ಞೆ ತಪ್ಪುತ್ತಾರೆ, ನೋಡಿದವರಿಗೆ ನಿದ್ದೆ ಅನ್ನಿಸುತ್ತದೆ.

ನಿಮ್ಮ ಜೊತೆಗಿರುವ ಹೊಸ ಹುಡುಗಿಗೆ ‘ಇದು ಬರುತ್ತಾ?’ ಅಂತ ಕೇಳಬೇಡಿ. ‘ಹೂಂ’ ಅಂತಲೇ ಅನ್ನುತ್ತಾಳೆ, ಆ ವಯಸ್ಸಿನಲ್ಲಿ ನಾವೂ ಅಂದಿದ್ದೆವು. ‘ಹೇಗೆ ಮಾಡ್ತೀಯಾ ಹೇಳು’ ಅಂತ ಕೇಳಿ. ಮಳೆ ಹಿಡಿದರೆ ಮಲೆನಾಡಿನ ಆಸ್ಪತ್ರೆಗಳಿಗೆ ಹಾವು ಕಚ್ಚಿದವರು ಬರುತ್ತಾರಲ್ಲ, ಆಗ 20 ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಮಾಡುತ್ತೇವೆ. 2 ಎಂ.ಎಲ್. ರಕ್ತವನ್ನು ಗಾಜಿನ ಟ್ಯೂಬಿಗೆ ಹಾಕಿ ಅಲ್ಲಾಡಿಸದೆ ಇಡಬೇಕು, 20 ನಿಮಿಷ ಆದ ಮೇಲೆ ಒಂದೇ ಸಲ ಬಗ್ಗಿಸಿ ನೋಡಬೇಕು. ಕೇಳಲು ಮಕ್ಕಳಾಟ. ಆದರೆ ಸೋಪಿನ ಪುಡಿ ಹಾಕಿ ತೊಳೆದ ಟ್ಯೂಬ್ ಆದರೆ ಒಳ್ಳೆಯ ರಕ್ತವೂ ಹೆಪ್ಪುಗಟ್ಟದೆ ಇರಬಹುದು. ಪ್ಲಾಸ್ಟಿಕ್ ಟ್ಯೂಬ್ ಆದರೂ ಕಷ್ಟ. ಆಗ ವಿಷ ಏರಿದೆ ಅಂದುಕೊಂಡು, ಬೇಡದ ರೋಗಿಗೆ ಹಾವಿನ ವಿಷ ಇಳಿಸುವ ಔಷಧಿ ಹೋಗುತ್ತದೆ, ಅದರ ರಿಯಾಕ್ಷನ್ ಬೇರೆ. ‘ಹೇಗೆ ಮಾಡ್ತೀಯಾ’ ಅಂತ ಕೇಳಿದಾಗ ಅವಳು ಹೊಸ ಗಾಜಿನ ಟ್ಯೂಬ್ ಅಂತ ಹೇಳದಿದ್ದರೆ ಅವಳಿಗೆ ಇನ್ನೂ ಕಲಿಸಬೇಕು ಅಂತ ಅರ್ಥ. ಬೈಯಬೇಕು ಅಂತಲ್ಲ.

ಎಲ್ಲ ನಾನೇ ಮಾಡುತ್ತೇನೆ ಅಂದಿದ್ದೀರಿ. ನೋಡಮ್ಮ, ಒಂದು ಲೆಕ್ಕ ಹಾಕಿ. ಒಬ್ಬರ ಬಿ.ಪಿ., ನಾಡಿ, ಉಸಿರು, ಜ್ವರ ಎಲ್ಲ ನೋಡಿ ಬರೆಯಲು 5 ನಿಮಿಷ. 24 ಜನಕ್ಕೆ 2 ಗಂಟೆ. ಆ 2 ಗಂಟೆ ನೀವು ಒಂದನೇ ಬೆಡ್‌ನಿಂದ ಸಾಲಾಗಿ ಹೋಗುತ್ತಿದ್ದರೆ, 22ನೇ ಬೆಡ್‌ನಲ್ಲಿ ಕೆಡುತ್ತಿರುವವರನ್ನು ನೋಡುವವರು ಯಾರು? ಹಂಚದೆ ಇರುವುದೂ ಒಂದು ಅಪಾಯವೇ. ಪಾಳಿ ಶುರುವಾದ ಕೂಡಲೇ ಮೊದಲ 15 ನಿಮಿಷ ನಾಲ್ವರೂ ಒಟ್ಟಿಗೆ ವಾರ್ಡ್ ಸುತ್ತಿ. ಇವತ್ತು ಭಯ ಇರುವ ಬೆಡ್ ಯಾವುವು ಅಂತ ನೀವೇ ಬಾಯಿ ಬಿಟ್ಟು ಹೇಳಿ. ಮೂರೋ ನಾಲ್ಕೋ ಇರುತ್ತವೆ. ಅವು ನಿಮ್ಮವು. ಉಳಿದವನ್ನು ಹುಡುಗಿ ನೋಡಲಿ, ಆಯಮ್ಮ ಜೊತೆಗಿರಲಿ. ನಡುರಾತ್ರಿ ಹೊಸ ಅಡ್ಮಿಷನ್ ಬಂದು ನೀವು ಆ ಕಡೆ ಹೋಗಬೇಕಾದರೆ, ಆ ನಾಲ್ಕು ಬೆಡ್ ಹುಡುಗಿಗೆ, ಅಂಕಿ ಸಮೇತ.

ಆಯಾಗಳ ಬಗ್ಗೆ ಇನ್ನೊಂದು ಮಾತು. ಅವರು ಅಂಕಿ ಓದದೆ ಇರಬಹುದು, ಮನುಷ್ಯರನ್ನು ಓದುತ್ತಾರೆ. ಬೆಡ್‌ಶೀಟ್ ಬದಲಾಯಿಸುವಾಗ, ಬೆಡ್‌ಪ್ಯಾನ್ ಕೊಡುವಾಗ ಅವರು ನೋಡುವಷ್ಟು ಹತ್ತಿರದಿಂದ ನಾವು ನೋಡುವುದಿಲ್ಲ. ‘9ನೇ ಬೆಡ್ ಅಜ್ಜ ಯಾಕೋ ಸರಿ ಕಾಣ್ತಿಲ್ಲ ಸಿಸ್ಟರ್’ ಅಂದರೆ ಕೈಯಲ್ಲಿದ್ದ ಪೆನ್ ಇಟ್ಟು ಎದ್ದು ಹೋಗಿ. ಹತ್ತು ಸಲದಲ್ಲಿ ಎಂಟು ಸಲ ಏನೂ ಇರಲಿಕ್ಕಿಲ್ಲ. ಆದರೂ ‘ಸುಮ್ನಿರಿ, ನನಗೆ ಗೊತ್ತು’ ಅಂತ ಒಂದೇ ಒಂದು ಸಲ ಅಂದರೆ ಅವರು ಮತ್ತೆ ನಿಮ್ಮ ಹತ್ತಿರ ಬರುವುದಿಲ್ಲ. ತೋಟದ ಕೆಲಸಕ್ಕೆ ಈಗ ಅಸ್ಸಾಂನಿಂದ, ಜಾರ್ಖಂಡ್‌ನಿಂದ ಎಲ್ಲ ಬರುತ್ತಾರೆ. ಅಂಥವರು ಕನ್ನಡ ಬರದೆ, ನೋವನ್ನು ಹೇಳಿಕೊಳ್ಳಲಾಗದೆ ಸುಮ್ಮನೆ ಮಲಗಿರುತ್ತಾರೆ. ‘ಮಲಗಿದ್ದಾರೆ’ ಅನ್ನುವ ಮಾತು ಬಂದಾಗಲೆಲ್ಲ ‘ಎಬ್ಬಿಸಿ ನೋಡಿದಿರಾ?’ ಅಂತ ಕೇಳುವ ಅಭ್ಯಾಸ ಮಾಡಿಕೊಳ್ಳಿ.

ಡಾಕ್ಟರನ್ನು ಎಬ್ಬಿಸುವ ಭಯ. ಇದು ನನಗೂ ಹತ್ತು ವರ್ಷ ಇತ್ತು. ಅರ್ಧ ಭಯ ಹೋಗಬೇಕಾದರೆ ಏನು ಹೇಳಬೇಕು ಅಂತ ಮೊದಲೇ ಚೀಟಿಯಲ್ಲಿ ಬರೆದುಕೊಳ್ಳಬೇಕು. ‘ಸರ್, ಪೇಷಂಟ್ ಸ್ವಲ್ಪ ಡಲ್ ಇದ್ದಾರೆ’ ಅಂದರೆ ಯಾವ ಡಾಕ್ಟರಾದರೂ ‘ಬೆಳಿಗ್ಗೆ ನೋಡೋಣ’ ಅಂತಲೇ ಅನ್ನುತ್ತಾರೆ. ಹೀಗೆ ಹೇಳಿ ನೋಡಿ:

‘ಸರ್, 14ನೇ ಬೆಡ್ ಬಗ್ಗೆ ಫೋನ್ ಮಾಡ್ತಿದ್ದೀನಿ, ಅವರ ಪರಿಸ್ಥಿತಿ ಕೆಡ್ತಿದೆ. 45 ವರ್ಷ, ಜ್ವರ ಅಂತ ನಿನ್ನೆ ಸೇರಿದವರು. ಸಂಜೆ ಬಿ.ಪಿ. 124 ಇತ್ತು, ಈಗ 98. ನಾಡಿ 118, ಉಸಿರು 26. ಸಂಜೆಯಿಂದ ಮೂತ್ರ ಹೋಗಿಲ್ಲ. ಸೆಪ್ಸಿಸ್ ಇರಬಹುದು ಅಂತ ನನಗೆ ಅನುಮಾನ. ನೀವು ಈಗಲೇ ಬಂದು ನೋಡಬೇಕು ಸರ್. ಬರೋವರೆಗೆ ಡ್ರಿಪ್ ಶುರು ಮಾಡಲಾ?’

(ಸೆಪ್ಸಿಸ್ ಅಂದರೆ ಸೋಂಕಿನಿಂದ ಇಡೀ ಮೈ ಕೆಡುವುದು.) ಈಗ ಏನಾಗಿದೆ, ಹಿಂದೆ ಏನಿತ್ತು, ನನಗೆ ಏನನ್ನಿಸುತ್ತದೆ, ನಿಮ್ಮಿಂದ ಏನು ಬೇಕು. ಈ ಕ್ರಮ ಅಮೆರಿಕದ ನೌಕಾಪಡೆಯ ಸಬ್‌ಮರೀನ್‌ಗಳಿಂದ ಆಸ್ಪತ್ರೆಗಳಿಗೆ ಬಂದದ್ದು. ಕೊನೆಯ ಸಾಲನ್ನು ನಮ್ಮವರು ನುಂಗಿಬಿಡುತ್ತಾರೆ, ದೊಡ್ಡವರಿಗೆ ಹೇಳುವುದು ಹೇಗೆ ಅಂತ. ನುಂಗಬೇಡಿ. ಫೋನಿನಲ್ಲಿ ಔಷಧಿ ಹೇಳಿದರೆ ಹೆಸರು, ಡೋಸ್ ಎರಡನ್ನೂ ತಿರುಗಿ ಹೇಳಿ ‘ಸರಿನಾ ಸರ್’ ಅಂತ ಕೇಳಿ, ಗಂಟೆ ಹಾಕಿ ಬರೆಯಿರಿ, ಬಂದಾಗ ಸಹಿ ಹಾಕಿಸಿ. ಬರುವುದಿಲ್ಲ ಅಂದರೆ ಅರ್ಧ ಗಂಟೆ ಕಾಯಬೇಡಿ. ಮತ್ತೆ ಅಳೆದು ಮತ್ತೆ ಫೋನ್ ಮಾಡಿ. ಆಗಲೂ ಆಗದಿದ್ದರೆ ಅವರ ಮೇಲಿನವರಿಗೆ, ನಿಮ್ಮ ನರ್ಸಿಂಗ್ ಸೂಪರಿಂಟೆಂಡೆಂಟ್‌ಗೆ. ಬೈಸಿಕೊಂಡರೂ ಪರವಾಗಿಲ್ಲ. ಚಿಕ್ಕಮಗಳೂರಿನಿಂದ ಹಾಸನಕ್ಕೇ 60 ಕಿ.ಮೀ. ಹತ್ತಿರ ಇದೆ, ಘಟ್ಟದ ಕಡೆಯಿಂದಾದರೆ ಮಂಜು, ಮಳೆ, ತಿರುವು. ನಿಮ್ಮ ಕಡೆ ಹಗಲಾಗಲಿ ಅಂತ ಕಾದರೆ ಆ ದಾರಿಯ ಹೊತ್ತನ್ನೂ ರೋಗಿಯೇ ಭರಿಸಬೇಕು.

ಇನ್ನು ಸಿಬ್ಬಂದಿ ಕೊರತೆ. ಭಾರತೀಯ ನರ್ಸಿಂಗ್ ಕೌನ್ಸಿಲ್ ಲೆಕ್ಕದಲ್ಲಿ ಸಾಮಾನ್ಯ ಆಸ್ಪತ್ರೆಯ ವಾರ್ಡಿನಲ್ಲಿ 5 ರೋಗಿಗೆ 1 ನರ್ಸ್ ಇರಬೇಕು. ನಿಮ್ಮಲ್ಲಿ 12ಕ್ಕೆ 1. ಇದನ್ನು ನೀವೊಬ್ಬರೇ ಸರಿ ಮಾಡಲು ಆಗುವುದಿಲ್ಲ, ಆದರೆ ಬರೆದಿಡಲು ಆಗುತ್ತದೆ. ಪಾಳಿ ಶುರುವಿನಲ್ಲೇ ‘ಇಂದು 24 ರೋಗಿಗಳು, 4 ಜನ ಗಂಭೀರ, ನರ್ಸ್ 2’ ಅಂತ ರಿಪೋರ್ಟ್ ಪುಸ್ತಕದಲ್ಲಿ ಬರೆದು, ಸೂಪರಿಂಟೆಂಡೆಂಟ್‌ಗೂ ತಿಳಿಸಿ. ಜನ ಸಾಲದು ಅಂತ ವಾರ್ಡ್ ಬಾಯ್ ಕೈಲಿ ಇಂಜೆಕ್ಷನ್ ಕೊಡಿಸಿ ಅಂತ ಯಾರಾದರೂ ಹೇಳಿದರೆ ಆಗುವುದಿಲ್ಲ ಅಂತ ಹೇಳಿ. ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಇರುವುದು ನಿಮ್ಮ ಹೆಸರಿನಲ್ಲಿ.

ಆ ಆಯಮ್ಮನ ಹತ್ತಿರ ಇನ್ನೂ ಮಾತಾಡಿಲ್ಲ ಅಂದಿರಿ. ನನಗೆ ತುಂಬ ಕಾಡಿದ್ದು ಅದು. ಒಂದು ತಿಂಗಳಿಂದ ಅವರು ತನ್ನಿಂದಲೇ ಹೀಗಾಯಿತು ಅಂದುಕೊಂಡು ಕಸ ಗುಡಿಸುತ್ತಿರಬಹುದು. ಇವತ್ತು ರಾತ್ರಿ ಪಾಳಿಗೆ ಹೋದಾಗ, ಊಟದ ಹೊತ್ತಿನಲ್ಲಿ ಅವರನ್ನು ಪಕ್ಕಕ್ಕೆ ಕರೆಯಿರಿ. ‘ಅಕ್ಕ, ಅವತ್ತು ನೀವು ಅಂಕಿ ಸರಿಯಾಗೇ ಹೇಳಿದ್ರಿ. ನಾನು ಬಂದು ನೋಡಬೇಕಿತ್ತು’ ಅಂತ ಹೇಳಿ. ಆಮೇಲೆ ಗಡಿಯಾರ ಕೈಗೆ ಕೊಟ್ಟು, ನಿದ್ದೆಯಲ್ಲಿರುವ ಒಬ್ಬ ರೋಗಿಯ ಪಕ್ಕ ಇಬ್ಬರೂ ನಿಂತು ಒಂದು ನಿಮಿಷ ಉಸಿರು ಎಣಿಸಿ. ಇಬ್ಬರ ಲೆಕ್ಕವೂ ಒಂದೇ ಬರುವವರೆಗೆ ಎಣಿಸಿ. 24 ದಾಟಿದರೆ ನನ್ನನ್ನು ಕರೆಯಿರಿ, ನಾನು ಎಲ್ಲೇ ಇದ್ದರೂ, ಅಂತ ಹೇಳಿ ಅವರ ಕೈಯಲ್ಲೇ ಆ ಅಂಕಿಯನ್ನು ಗೋಡೆಯ ಚಾರ್ಟಿನ ಮೇಲೆ ಬರೆಸಿ.